ಗಿರಿಯಾನದ ಮೂರು ಹೆಸರು

ಹೊಸನಗರದ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಬೈಕ್ ಗ್ಯಾರೇಜು ನಡೆಸುತ್ತಿದ್ದ ನಾಗೇಂದ್ರನ ಹೆಸರು ಕೆಟ್ಟದ್ದು ಒಂದೇ ಒಂದು ಕಾಗದದಿಂದ.

ಆಗ ಹೊಸನಗರದಲ್ಲಿ ಪಶುವೈದ್ಯೆಯಾಗಿದ್ದ ಗಾನವಿ ‘ಗಿರಿಯಾನ’ ಎಂಬ ಬೈಕ್ ಓಡಿಸುತ್ತಿದ್ದಳು. ಎತ್ತರದ ಬೈಕು; ಕಲ್ಲು, ಕೆಸರು, ಹಳ್ಳ ಯಾವುದಕ್ಕೂ ಜಗ್ಗುತ್ತಿರಲಿಲ್ಲ. ದನ ಕರು ಹಾಕಲಾರದೆ ಒದ್ದಾಡುತ್ತಿದೆ ಎಂದು ಫೋನ್ ಬಂದರೆ ಜೀಪು ಹೋಗದ ಕಡೆಗೂ ಅದರಲ್ಲೇ ಹೋಗುತ್ತಿದ್ದಳು. ಒಂದು ಮಧ್ಯಾಹ್ನ ಮಂಡಗದ್ದೆಯಿಂದ ತೀರ್ಥಹಳ್ಳಿ ಕಡೆಗೆ ಬರುವಾಗ ತಿರುವಿನಲ್ಲಿ ಮುಂದಿನ ಬ್ರೇಕ್ ಹಿಡಿಯಲೇ ಇಲ್ಲ. ಬೈಕು ಮೋರಿಕಟ್ಟೆಗೆ ಬಡಿಯಿತು. ಅವಳ ಎಡ ಮೊಣಕಾಲಿನ ಚಿಪ್ಪು ಪುಡಿಯಾಯಿತು.

ಕಂಪನಿಯವರು ಬಂದು ಬೈಕ್ ನೋಡಿ ವರದಿ ಬರೆದರು: ‘ಅನಧಿಕೃತ ಗ್ಯಾರೇಜಿನಲ್ಲಿ ಬ್ರೇಕ್ ಬಿಚ್ಚಿ ಜೋಡಿಸಿದ್ದೇ ಅಪಘಾತಕ್ಕೆ ಕಾರಣ.’ ಅದಕ್ಕೆ ಒಂದು ತಿಂಗಳ ಹಿಂದೆ ಬ್ರೇಕ್ ಪ್ಯಾಡ್ ಬದಲಾಯಿಸಿದ್ದವನು ನಾಗೇಂದ್ರ. ಆ ಕಾಗದ ಊರಿನ ವಾಟ್ಸಾಪ್ ಗುಂಪುಗಳಲ್ಲೆಲ್ಲ ಓಡಾಡಿತು. ಪೊಲೀಸರು ಎರಡು ಸಲ ಕರೆಸಿದರು. ಹದಿನಾಲ್ಕು ವರ್ಷದಿಂದ ಬರುತ್ತಿದ್ದ ಗಿರಾಕಿಗಳು ಗ್ಯಾರೇಜಿನ ಎದುರೇ ಬೈಕ್ ತಳ್ಳಿಕೊಂಡು ಬೇರೆ ಕಡೆ ಹೋದರು. ಗಾನವಿಯನ್ನು ನೋಡಲು ಅವನು ಆಸ್ಪತ್ರೆಗೆ ಹೋದಾಗ ಅವಳು ಗೋಡೆ ಕಡೆ ಮುಖ ತಿರುಗಿಸಿದಳು. ಅದೇ ವರ್ಷ ಕಂಪನಿ, ಮಾರಾಟ ಸಾಲದೆಂದು ಹೇಳಿ ಗಿರಿಯಾನವನ್ನೇ ನಿಲ್ಲಿಸಿತು.

ಮೂರು ವರ್ಷವಾದ ಮೇಲೆ ತುಮರಿಯ ಹೂವಯ್ಯ ತನ್ನ ಹಳೆಯ ಗಿರಿಯಾನವನ್ನು ತಂದು ನಿಲ್ಲಿಸಿದ. ಬ್ರೇಕ್ ಎಣ್ಣೆ ಜಿನುಗುತ್ತಿತ್ತು. ಎಣ್ಣೆ ಹೋಗುವ ಪೈಪು ಹಳೆಯದಾಗಿದೆಯೆಂದು ನಾಗೇಂದ್ರ ಶಿವಮೊಗ್ಗದ ಅಂಗಡಿಗೆ ಹೇಳಿ ಹೊಸದನ್ನು ತರಿಸಿದ. ಬಂದ ಡಬ್ಬದ ಮೇಲೆ ‘ಕಾರ್ವೆಕ್ 300’ ಎಂದಿತ್ತು. ಬೇರೆ ಬೈಕಿನದು ಕಳಿಸಿದ್ದಾರೆ ಎಂದು ಅವನಿಗೆ ರೇಗಿತು. ಆದರೆ ಒಳಗಿದ್ದ ಪೈಪಿನ ನಂಬರು ಗಿರಿಯಾನದ್ದೇ. ಅದರ ಜೊತೆ ಪೈಪನ್ನು ಹಿಡಿದಿಡುವ ಒಂದು ಹೊಸ ಕ್ಲಿಪ್ಪು, ಮಡಚಿಟ್ಟ ಇಂಗ್ಲಿಷ್ ಚೀಟಿ.

ಚೀಟಿಯನ್ನು ಹೆಂಡತಿ ಆಶಾ ಓದಿದಳು. ಓದುತ್ತಾ ಓದುತ್ತಾ ಅವಳ ದನಿ ಗಟ್ಟಿಯಾಯಿತು.

“ಏನ್ರೀ, ಇಲ್ನೋಡಿ. ಯುರೋಪಲ್ಲಿ ಇದನ್ನ ಕಾರ್ವೆಕ್ ಅಂತ ಮಾರಿದಾರೆ. ಬ್ರೆಜಿಲ್ ಕಡೆ ಸೆರ್ರಾಡಾ ಅಂತೆ. ಹ್ಯಾಂಡಲ್ ಪೂರ್ತಿ ತಿರುಗಿಸ್ದಾಗ ಪೈಪು ಕ್ಲಿಪ್ಪಿಗೆ ಉಜ್ಜಿ ತೂತು ಬೀಳ್ತದಂತೆ. ಬ್ರೇಕ್ ಹಿಡಿಯದೆ ಹೋಗಬಹುದು, ತಕ್ಷಣ ತನ್ನಿ, ಪುಕ್ಕಟೆ ಬದಲಾಯಿಸಿ ಕೊಡ್ತೀವಿ ಅಂತ ಬರ್ದಿದಾರೆ.”

“ತಾರೀಕು?”

ಆಶಾ ಮತ್ತೊಮ್ಮೆ ನೋಡಿದಳು. ಗಾನವಿ ಬಿದ್ದದ್ದಕ್ಕಿಂತ ಐದು ತಿಂಗಳು ಹಿಂದಿನದು.

ನಾಗೇಂದ್ರ ಕೈಯಲ್ಲಿದ್ದ ಸ್ಪ್ಯಾನರನ್ನು ಗೋಡೆಗೆ ಬೀಸಿ ಒಗೆದ. ಹೂವಯ್ಯನ ಬೈಕಿನಿಂದ ಹಳೆ ಪೈಪು ಬಿಚ್ಚಿ ಬೆಳಕಿಗೆ ಹಿಡಿದ. ಕ್ಲಿಪ್ಪು ಕೂರುವ ಜಾಗದಲ್ಲಿ ಇಲಿ ಕಡಿದಂತೆ ರಬ್ಬರು ಸವೆದಿತ್ತು.

ಮರುದಿನ ಬೆಳಿಗ್ಗೆ ಪೈಪು, ಚೀಟಿ ಎರಡನ್ನೂ ಹಿಡಿದು ತೀರ್ಥಹಳ್ಳಿಗೆ ಹೋದ. ಗಾನವಿ ಕಾಲು ಕೆಟ್ಟಮೇಲೆ ಹಳ್ಳಿ ಸುತ್ತುವ ಕೆಲಸ ಬಿಟ್ಟು ಅಲ್ಲಿನ ಕಚೇರಿಗೆ ವರ್ಗ ಮಾಡಿಸಿಕೊಂಡಿದ್ದಳು. ಬಾಗಿಲು ತೆರೆದ ಅವಳ ತಾಯಿ ವನಮಾಲಾ ಅವನನ್ನು ಗುರುತು ಹಿಡಿದು ಒಳಕ್ಕೆ ಹೇಳಿದರು, “ಆ ಗ್ಯಾರೇಜಿನವ. ಇಲ್ಲಿಗೆ ಎಂತಕ್ಕೆ ಬಂದ?”

ಗಾನವಿ ಕೋಲೂರಿಕೊಂಡು ಬಂದಳು. “ಏನು ಬೇಕು ನಿಮಗೆ?”

“ಏನೂ ಬೇಡ ಡಾಕ್ಟ್ರೇ. ಇದನ್ನ ಓದಿ. ಓದಿದ್ಮೇಲೆ ಹೋಗು ಅಂದ್ರೆ ಹೋಗ್ತೀನಿ.”

ಅವಳು ಮೆಟ್ಟಿಲ ಮೇಲೇ ಕೂತು ಓದಿದಳು. ಎರಡನೇ ಸಲ ಓದಿದಳು.

“ಕಂಪನಿಯವರಿಗೆ ಗೊತ್ತಿತ್ತು,” ಎಂದಳು. “ನಾನು ಆಸ್ಪತ್ರೆಯಲ್ಲಿ ಮಲಗಿದ್ದಾಗ ಹಣ್ಣು ಹಿಡ್ಕೊಂಡು ಬಂದಿದ್ರಲ್ಲ, ಆವಾಗ್ಲೂ ಗೊತ್ತಿತ್ತು. ಗಿರಿಯಾನ ಅಂತ ಎಷ್ಟು ಹುಡುಕಿದ್ದೆ ನಾನು! ಎಲ್ಲೂ ಒಂದು ದೂರು ಸಿಗಲಿಲ್ಲ. ನಿಮ್ಮದೇ ತಪ್ಪು ಅಂತ ನಂಬಿಬಿಟ್ಟೆ.”

“ಬೇರೆ ಹೆಸರಲ್ಲಿ ಹುಡುಕ್ಬೇಕು ಅಂತ ಯಾರಿಗೆ ಗೊತ್ತಾಗ್ತದೆ?”

“ಒಂದು ಮಾತು ನಿಮ್ಮನ್ನ ಕೇಳಬೇಕಿತ್ತು.”

“ಹೌದು, ಕೇಳ್ಬೇಕಿತ್ತು,” ಎಂದ ನಾಗೇಂದ್ರ. ಇರಲಿ ಬಿಡಿ ಎನ್ನಲು ಅವನಿಗೆ ಮನಸ್ಸು ಬರಲಿಲ್ಲ. ಅವಳೂ ಅದನ್ನು ಬಯಸಲಿಲ್ಲ.

ಸಾಗರದಲ್ಲಿ ಆ ವಾರವೇ ‘ಗಿರಿಯಾನ ಮರಳಿ ಬಂದಿದೆ’ ಎಂಬ ಬ್ಯಾನರುಗಳು ಎದ್ದಿದ್ದವು. ಭಾನುವಾರ ಷೋರೂಮಿನಲ್ಲಿ ಹೊಸ ಬೈಕಿನ ಪೂಜೆ. ಗಾನವಿ, ನಾಗೇಂದ್ರ ಇಬ್ಬರೂ ಹೋದರು. ನಲವತ್ತು ಜನ ಸೇರಿದ್ದರು. ಮ್ಯಾನೇಜರ್ ಶ್ರೀಕರ ಪೇಡೆ ಹಂಚುತ್ತಿದ್ದ. ಗಾನವಿ ನೇರವಾಗಿ ಅವನೆದುರು ನಿಂತು ಚೀಟಿ ಚಾಚಿದಳು.

ಶ್ರೀಕರ ಓದಿ ನಕ್ಕ. “ಮೇಡಂ, ಇದು ಬೇರೆ ಮಾಡೆಲ್. ಹೆಸರೇ ಬೇರೆ ಇದೆಯಲ್ಲ.”

“ಪೈಪಿನ ನಂಬರು ಒಂದೇ ಇದೆ.”

“ಅವೆಲ್ಲ ಆ ದೇಶದ ರಸ್ತೆಗೆ, ಆ ದೇಶದ ಚಳಿಗೆ ಸಂಬಂಧಪಟ್ಟಿದ್ದು.”

ನಾಗೇಂದ್ರ ಕೇಳುತ್ತ ನಿಲ್ಲಲಿಲ್ಲ. ಹೂವಿನ ಹಾರ ಹಾಕಿ ನಿಲ್ಲಿಸಿದ್ದ ಹೊಸ ಬೈಕಿನ ಹತ್ತಿರ ಹೋಗಿ ಮೊಣಕಾಲೂರಿ ಕೂತ. ಹ್ಯಾಂಡಲನ್ನು ಪೂರ್ತಿ ಎಡಕ್ಕೆ ತಿರುಗಿಸಿದ. ಪೈಪು ಎಲ್ಲಿಯೂ ಉಜ್ಜಲಿಲ್ಲ. ಕ್ಲಿಪ್ಪನ್ನು ಎರಡು ಬೆರಳು ಮೇಲಕ್ಕೆ ಸರಿಸಿ ಸುತ್ತ ರಬ್ಬರಿನ ಕವಚ ಹಾಕಿದ್ದರು.

“ಎಲ್ರೂ ಬನ್ನಿ ಇಲ್ಲಿ!” ಎಂದು ಕೂಗಿದ. “ಹಳೇ ಗಿರಿಯಾನ ಇರೋರು ಯಾರಾದ್ರೂ ಇದೀರಾ?”

ವರದಹಳ್ಳಿ ಕಡೆಯ ಒಬ್ಬ ಕೈ ಎತ್ತಿದ. ಅವನ ಬೈಕು ಹೊರಗೇ ನಿಂತಿತ್ತು. ಜನ ಹೊರಗೆ ನುಗ್ಗಿದರು. ನಾಗೇಂದ್ರ ಅದರ ಹ್ಯಾಂಡಲ್ ತಿರುಗಿಸಿದಾಗ ಪೈಪು ಕ್ಲಿಪ್ಪಿನ ಅಂಚಿಗೆ ಒತ್ತಿಕೊಂಡದ್ದು ಎಲ್ಲರಿಗೂ ಕಂಡಿತು. ಬೈಕಿನವನು ಬಗ್ಗಿ ಬೆರಳಾಡಿಸಿ ನೋಡಿ ಶ್ರೀಕರನಿಗೆ ಕೆಟ್ಟ ಬೈಗುಳವೊಂದನ್ನು ಬೈದ.

“ಗೊತ್ತಿಲ್ದೆ ಕ್ಲಿಪ್ಪು ಮೇಲಕ್ಕೆ ಹೋಯ್ತಾ?” ನಾಗೇಂದ್ರ ಶ್ರೀಕರನ ಕಡೆ ತಿರುಗಿದ. “ಬೈಕಿಗೆ ದೇಶಕ್ಕೊಂದು ಹೆಸರಿಟ್ರಿ. ತಪ್ಪಿಗೆ ಮಾತ್ರ ನನ್ನ ಹೆಸರು ಬೇಕಾಯ್ತಾ?”

ಶ್ರೀಕರ ಬೆವೆತುಹೋಗಿದ್ದ. ಇಬ್ಬರನ್ನೂ ಒಳಗಿನ ಕೋಣೆಗೆ ಕರೆದೊಯ್ದು ಯಾರಿಗೋ ಫೋನ್ ಮಾಡಿ ಬಂದ. “ಮೇಲಿನೋರ ಹತ್ರ ಮಾತಾಡಿದೆ. ಡಾಕ್ಟ್ರಿಗೆ ಒಂದು ಹೊಸ ಗಿರಿಯಾನ ಕೊಡ್ತಾರೆ. ದಯವಿಟ್ಟು ಇಲ್ಲಿಗೆ ಮುಗಿಸಿ.”

ಗಾನವಿ ಕೋಲೆತ್ತಿ ಮೇಜಿನ ಮೇಲೆ ಬಡಿದಳು. ಪೇಡೆಯ ತಟ್ಟೆ ಕೆಳಗೆ ಬಿತ್ತು. “ಮೊಣಕಾಲು ಮಡಚೋಕಾಗಲ್ಲ ನನಗೆ. ಬೈಕ್ ಕೊಡ್ತಾರಂತೆ, ಬೈಕು! ಈ ಮನುಷ್ಯನ ತಪ್ಪಿಲ್ಲ ಅಂತ ಬರೆದುಕೊಡಿ. ಹಳೇ ಬೈಕುಗಳನ್ನೆಲ್ಲ ಕರೆಸಿ ಸರಿಮಾಡಿಕೊಡಿ.”

“ಅದನ್ನ ಬರೆದುಕೊಡೋ ಅಧಿಕಾರ ನನಗಿಲ್ಲ ಮೇಡಂ.”

“ಪೇಡೆ ಹಂಚೋ ಅಧಿಕಾರ ಇದೆಯಲ್ಲ,” ಎಂದು ಎದ್ದು ಬಂದಳು.

ಗಾನವಿ ಶಿವಮೊಗ್ಗದ ಗ್ರಾಹಕರ ಆಯೋಗದಲ್ಲಿ ಕೇಸು ಹಾಕಿದಳು. ನಾಗೇಂದ್ರನೇ ಮೊದಲ ಸಾಕ್ಷಿ. ಅಷ್ಟರೊಳಗೆ ಇನ್ನೊಬ್ಬರು ಬೀಳಬಾರದೆಂದು ಅವನು ಮೂರು ತಾಲೂಕುಗಳಲ್ಲಿ ಹಳೇ ಗಿರಿಯಾನಗಳನ್ನು ವಿಚಾರಿಸಿಕೊಂಡು ಹೊರಟ. ತುಮರಿಯ ಸೇತುವೆ ದಾಟಿ ಹೋಗಿ ಹೂವಯ್ಯನ ನೆಂಟರ ಎರಡು ಬೈಕುಗಳಿಗೆ ಹೊಸ ಕ್ಲಿಪ್ಪು ಹಾಕಿದ. ಒಟ್ಟು ಇಪ್ಪತ್ತಮೂರು ಸಿಕ್ಕವು. ಒಂಬತ್ತರಲ್ಲಿ ಪೈಪು ತೂತಾಗುವ ಹಂತಕ್ಕೆ ಬಂದಿತ್ತು.

ಎರಡು ತಿಂಗಳ ಮೇಲೆ ಕಂಪನಿಯಿಂದ ಹಳೇ ಗಿರಿಯಾನದ ಎಲ್ಲ ಮಾಲೀಕರಿಗೂ ಪತ್ರ ಬಂತು. ಗ್ರಾಹಕರ ಮೇಲಿನ ಪ್ರೀತಿಗಾಗಿ ಬ್ರೇಕ್ ಪೈಪನ್ನು ಪುಕ್ಕಟೆ ಬದಲಾಯಿಸಿ ಕೊಡುತ್ತಾರಂತೆ. ಹೂವಯ್ಯ ತಂದುಕೊಟ್ಟ ಪತ್ರದಲ್ಲಿ ‘ಪ್ರೀತಿ’ ಎಂಬ ಮಾತು ಓದಿ ಆಶಾ ಅದನ್ನು ಹರಿಯಲು ಹೋದಳು. ನಾಗೇಂದ್ರ ಕಿತ್ತುಕೊಂಡ, ಕೇಸಿಗೆ ಬೇಕಿತ್ತು. ಹಳೆಯ ವರದಿಯ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ.

ಮೊದಲ ಮೂರು ವಿಚಾರಣೆಗೂ ಕಂಪನಿಯ ವಕೀಲರು ಕಾಲಾವಕಾಶ ಕೇಳಿದರು. ಮೂರನೆಯ ಸಲ ಹೊರಗೆ ಬಂದಾಗ ವಕೀಲರು ಗಾನವಿಯ ಕೋಲನ್ನು ನೋಡಿ, “ಪಾಪ, ಪ್ರತಿ ಸಲ ನೀವು ಯಾಕೆ ಬರ್ತೀರಿ?” ಎಂದರು.

“ನಿಮ್ಮ ಮುಖ ನೋಡೋಕೆ,” ಎಂದಳು ಗಾನವಿ. ನಾಗೇಂದ್ರ ಮುಂದಿನ ತಾರೀಕನ್ನು ಅಂಗೈ ಮೇಲೆ ಬರೆದುಕೊಂಡ.