ಅಕ್ಕ ಕೈ ಬಿಡಲ್ಲ

ಹದಿನೆಂಟು ವರ್ಷದಿಂದ ನಾನು ಕಾರ್ಖಾನೆಯಲ್ಲಿ ಕ್ರೇನ್ ಓಡಿಸುತ್ತೇನೆ. ಷೆಡ್ಡಿನ ಸೂರಿಗೆ ಅಂಟಿಕೊಂಡ ಹಾಗೆ ಗಾಜಿನ ಕ್ಯಾಬಿನ್ನು, ಕೈಗೆ ಎರಡು ಹಿಡಿ, ಕೆಳಗೆ ಇರುವೆಗಳ ಹಾಗೆ ಜನ. ಹನ್ನೆರಡು ಟನ್ನಿನ ಉಕ್ಕಿನ ಸುರುಳಿಯನ್ನು ಲಾರಿಯ ಮೇಲೆ, ನಿದ್ದೆ ಹೋದ ಮಗುವನ್ನು ಹಾಸಿಗೆಗೆ ಇಳಿಸಿದ ಹಾಗೆ ಇಳಿಸುತ್ತೇನೆ. ಅಲ್ಲಿ ಮೇಲೆ ನನಗೆ ಯಾವ ಒತ್ತಡವೂ ಇಲ್ಲ. ಇರುವುದೆಲ್ಲ ನೆಲದ ಮೇಲೆ.

ಈ ವರ್ಷದ ತಪಾಸಣೆಯಲ್ಲಿ ನನ್ನ ಬಿ.ಪಿ. ನೂರ ಎಪ್ಪತ್ತು ಬಂತು. ಕಾರ್ಖಾನೆಯ ಡಾಕ್ಟರು ಕನ್ನಡಕ ಹಣೆಗೇರಿಸಿ, "ವಾರ ರಜೆ ಹಾಕಿ, ಆಮೇಲೆ ಬನ್ನಿ, ಇನ್ನೊಮ್ಮೆ ನೋಡೋಣ. ನೂರ ಐವತ್ತರ ಮೇಲಿದ್ರೆ ಕ್ರೇನ್ ಹತ್ತಿಸೋಕೆ ಆಗಲ್ಲ. ಸ್ಟೋರಿನಲ್ಲಿ ಕೂರ್ಬೇಕಾಗತ್ತೆ" ಅಂದರು. ಸ್ಟೋರು ಅಂದರೆ ಕಿಟಕಿ ಇಲ್ಲದ ಕೋಣೆ, ನಟ್ಟು ಬೋಲ್ಟಿನ ಡಬ್ಬಗಳು. ಅಲ್ಲಿಗೆ ಹೋದವರು ಯಾರೂ ಮತ್ತೆ ಮೇಲೆ ಹತ್ತಿದ್ದನ್ನು ನಾನು ಕಂಡಿಲ್ಲ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅದೇ ತಪ್ಪಾಯಿತು. ಅವಳು ಅಕ್ಕನಿಗೆ ಹೇಳಿದಳು.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಎರಡು ಬೀದಿ ಆಚೆ ಒಬ್ಬಳೇ ಇರುತ್ತಾಳೆ. ಭಾವ ಎದೆನೋವು ಬಂದು ತೀರಿಕೊಂಡು ಎರಡು ವರ್ಷ. ಆಮೇಲೆ ಅವಳು ಹೊಲಿಗೆ ಕಲಿತಳು, ಬಿಟ್ಟಳು. ಕಸೂತಿ ಕಲಿತಳು, ಅದನ್ನೂ ಬಿಟ್ಟಳು. ಈಗ ಮೈಮೇಲೆ ಕೈ ಇಟ್ಟು ಗುಣಪಡಿಸುವ ರೇಕಿ ಅನ್ನುವ ವಿದ್ಯೆಯ ಎರಡು ದಿನದ ತರಗತಿಗೆ ಹೋಗಿಬಂದು ಸರ್ಟಿಫಿಕೇಟನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ. ಮುಟ್ಟಲು ಯಾರಾದರೂ ಸಿಗುತ್ತಾರಾ ಅಂತ ಕಾಯುತ್ತಿದ್ದಳು. ನಾನು ಸಿಕ್ಕಿದೆ.

"ಏನಿಲ್ಲ ಕಣೋ. ಕೈ ಇಡ್ತೀನಿ, ಅಷ್ಟೇ. ನೀನು ಸುಮ್ನೆ ಕೂತ್ಕೋ" ಅಂದಳು.

"ಕೈ ಇಟ್ರೆ ಬಿ.ಪಿ. ಇಳಿಯತ್ತಾ?"

"ಹುಲಿ ಕಂಡ ಹಾಗೆ ಮೈಯಲ್ಲಿ ಭಯ ಕೂತಿರತ್ತೆ ಅಂತ ನಮ್ಮ ಟೀಚರ್ ಹೇಳಿದ್ರು. ಎದೆ ಹೊಡ್ಕೊಳ್ಳತ್ತೆ, ಉಸಿರು ಗಂಟಲಲ್ಲೇ ಆಡತ್ತೆ, ಭುಜ ಕಿವಿ ಮುಟ್ಟತ್ತೆ. ಹುಲಿ ಎಲ್ಲೂ ಇರಲ್ಲ. ಇಲ್ಲ ಅಂತ ಮೈಗೆ ಯಾರಾದ್ರೂ ಹೇಳ್ಬೇಕು. ಬಾಯಲ್ಲಿ ಹೇಳಿದ್ರೆ ಅದಕ್ಕೆ ಕೇಳ್ಸಲ್ಲ, ಕೈಯಲ್ಲಿ ಹೇಳ್ಬೇಕು."

ಹುಲಿ ಇಲ್ಲ ಅಂತ ಯಾರು ಹೇಳಿದ್ದು, ನನ್ನ ಕುರ್ಚಿಯ ಹಿಂದೆಯೇ ನಿಂತಿದೆ ಅಂದುಕೊಂಡೆ.

ತಲೆಗೆ ಐದು ನಿಮಿಷ, ಕಣ್ಣಿಗೆ ಐದು, ಆಮೇಲೆ ಭುಜ, ಎದೆ, ಹೊಟ್ಟೆ. ಕೈ ಇಟ್ಟವರು ಮಾತಾಡಬಾರದು ಅನ್ನುವುದು ನಿಯಮವಂತೆ. ಆ ನಿಯಮವನ್ನು ಅಕ್ಕನೇ ನನಗೆ ಮೂರು ಸಲ ವಿವರಿಸಿದಳು, ನನ್ನ ತಲೆಯ ಮೇಲೆ ಕೈ ಇಟ್ಟುಕೊಂಡು.

"ಕಣ್ಣು ಮುಚ್ಚು. ಅಷ್ಟು ಗಟ್ಟಿಯಾಗಲ್ಲ. ಭುಜ ಇಳ್ಸು. ಇಳ್ಸು ಅಂದ್ರೆ ಇಳ್ಸು. ಹಲ್ಲು ಯಾಕೆ ಕಚ್ತಿದೀಯ?"

"ನಿನ್ನ ಮಾತಿಗೆ."

"ನಾನೆಲ್ಲಿ ಮಾತಾಡ್ದೆ? ಹೇಳಿಕೊಡ್ತಿದೀನಿ."

ದಿನಾ ಸಂಜೆ ಇದೇ ಪಾಡು. ಮೂರನೆಯ ದಿನ ಸೋಫಾದ ಮೇಲೆ ಕೂತು ನೋಡುತ್ತಿದ್ದ ನನ್ನ ಹೆಂಡತಿ ನಿದ್ದೆ ಹೋದಳು. "ನೋಡು, ನಿನಗೆ ಕೊಟ್ಟದ್ದೆಲ್ಲ ಅವಳು ತಗೊಂಡ್ಲು. ಸಾಧು ಹುಡುಗಿ. ನೀನು ಮಾತ್ರ ಕಲ್ಲುಬಂಡೆ" ಅಂತ ಅಕ್ಕ ನನ್ನನ್ನೇ ಬೈದಳು. ಮನೆಯಲ್ಲಿ ಬಿ.ಪಿ. ನೋಡುವ ಪುಟ್ಟ ಯಂತ್ರವನ್ನೂ ತಂದಿದ್ದಳು. ಕೈ ಇಡುವ ಮೊದಲು ನೂರ ಐವತ್ತೆಂಟು, ಇಟ್ಟಮೇಲೆ ನೂರ ಅರವತ್ತೊಂಬತ್ತು.

"ಒಳಗಿದ್ದದ್ದು ಹೊರಗೆ ಬರ್ತಿದೆ. ಒಳ್ಳೇದೇ" ಅಂದಳು.

ಇಳಿದರೂ ಗೆಲುವು, ಏರಿದರೂ ಗೆಲುವು. ಇಂಥ ಕಸುಬು ನನಗೆ ಯಾಕೆ ಸಿಗಲಿಲ್ಲ?

ಮತ್ತೆ ತೋರಿಸುವ ದಿನ ಅವಳು ಬರುವುದು ಬೇಡ ಅಂತ ಹೇಳಿ ಹೊರಟೆ. ಬಸ್ಸಿಳಿದು ನೋಡಿದರೆ ಗೇಟಿನ ಹತ್ತಿರ ನಿಂತಿದ್ದಾಳೆ.

ತಪಾಸಣೆ ಕೋಣೆಯಲ್ಲಿ ನರ್ಸಮ್ಮ ಕೇಳಿದರು, "ನೀವ್ಯಾರಮ್ಮ?"

"ಸಿಸ್ಟರ್."

"ಇಲ್ಲಿ ಸಿಸ್ಟರ್ ನಾನು."

"ನೀವು ಊರಿಗೆಲ್ಲ ಸಿಸ್ಟರು. ನಾನು ಇವನೊಬ್ಬನಿಗೆ."

ನರ್ಸಮ್ಮ ನನ್ನ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬುತ್ತಿದ್ದ ಹಾಗೆಯೇ ಹಿಂದಿನಿಂದ ಎರಡು ಕೈ ಬಂದು ನನ್ನ ನೆತ್ತಿಯ ಮೇಲೆ ಕೂತವು. "ಉಸಿರು ಬಿಡೋ" ಅಂತ ಪಿಸುಮಾತು ಬೇರೆ. ಯಂತ್ರ ನೋಡಿ ನರ್ಸಮ್ಮ ತುಟಿ ಕಚ್ಚಿದರು. ನೂರ ಅರವತ್ತಾರು.

"ಹೊರಗೆ ಬೆಂಚಿನ ಮೇಲೆ ಹದಿನೈದು ನಿಮಿಷ ಕೂತಿರಿ. ಇನ್ನೊಂದೇ ಸಲ ನೋಡೋದು, ಆಮೇಲೆ ಬಂದದ್ದು ಬರ್ಕೊಳ್ತೀನಿ. ಅಮ್ಮಾ, ನೀವು ಬಾಯಿ ತೆಗೀಬೇಡಿ."

ಬೆಂಚಿನ ಮೇಲೆ ಕೂತು ನಿಮಿಷವಾಗಿಲ್ಲ, ಅಕ್ಕನ ಕೈ ನನ್ನ ಎದೆಯ ಕಡೆ ಬಂತು.

"ಕೈ ತೆಗಿ ಅಕ್ಕ."

"ಐದೇ ನಿಮಿಷ..."

"ತೆಗಿ ಅಂದೆ. ವಾರದಿಂದ ನನ್ನ ಜೀವ ತಿಂದಿದೀಯ. ಅಲ್ಲಿ ಮೇಲೆ ಹತ್ತೋದು ಬಿಟ್ರೆ ನನಗೆ ಬೇರೆ ಏನೂ ಬರಲ್ಲ, ಗೊತ್ತಾ ನಿಂಗೆ? ನಿನ್ನ ಕೈಗೊಂದು ಕೆಲಸ ಬೇಕಿತ್ತು ಅಂತ ನನ್ನ ಕೆಲಸ ಕಳೀತಿದೀಯ."

ಅಕ್ಕ ಕೈ ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡಳು. ನನಗೆ ಬುದ್ಧಿ ಬಂದಾಗಿನಿಂದ ಅವಳು ನನ್ನ ಮಾತು ಕೇಳಿದ್ದು ಅದೇ ಮೊದಲು. ಎದುರಿನ ಗೋಡೆಗೆ ಹೇಳುವ ಹಾಗೆ ಹೇಳಿದಳು:

"ನಿಮ್ಮ ಭಾವ ಅವತ್ತು ಕರೆದ್ರು. ಎದೆ ಯಾಕೋ ಹಿಡ್ದ ಹಾಗಿದೆ, ಸ್ವಲ್ಪ ಕೈ ಇಡು ಬಾ ಅಂದ್ರು. ಬಟ್ಟೆ ಒಗೀತಿದ್ದೆ, ಕೈಯೆಲ್ಲ ಸೋಪು. ಇರಿ, ಕೈ ತೊಳ್ಕೊಂಡು ಬರ್ತೀನಿ ಅಂದೆ. ತೊಳ್ಕೊಂಡೆ. ಒರೆಸ್ಕೊಂಡೆ. ನಲ್ಲಿ ಸೋರ್ತಿತ್ತು, ಅದನ್ನೂ ಬಿಗಿಯಾಗಿ ತಿರುಗಿಸ್ದೆ."

ಅಷ್ಟಕ್ಕೇ ನಿಲ್ಲಿಸಿದಳು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

"ಕೈ ಇಟ್ಟಿದ್ರೆ ಉಳೀತಿದ್ರಾ ಅಕ್ಕ?"

"ಇಲ್ಲ ಅಂತ ಡಾಕ್ಟರೇ ಹೇಳಿದಾರೆ. ನಂಗೂ ಗೊತ್ತು. ಆದ್ರೆ ಅವರು ಕೇಳಿದ್ರು ಕಣೋ."

ತಿರುಗಿ ನೋಡಿದೆ. ಅವಳ ಭುಜ ಕಿವಿಯ ಹತ್ತಿರ ಇತ್ತು. ಉಸಿರು ಗಂಟಲಲ್ಲೇ ಆಡುತ್ತಿತ್ತು. ನನಗೆ ಇನ್ನೂ ರೇಗಿತು. ಅವಳ ಮೇಲೆ, ನನ್ನ ಮೇಲೆ, ಅಷ್ಟು ಅವಸರದಲ್ಲಿ ಹೋದ ಭಾವನ ಮೇಲೂ.

"ಎಲ್ಲಿಂದ ಶುರು ಮಾಡ್ಬೇಕು?" ಅಂದೆ.

"ಏನನ್ನ?"

"ಅದೇ, ನಿನ್ನ ಕ್ಲಾಸಿಂದು. ಬೆನ್ನು ತಿರುಗಿಸು."

"ನಿಂಗೆ ದೀಕ್ಷೆ ಆಗಿಲ್ಲ."

"ತಿರುಗ್ತೀಯೋ ಇಲ್ವೋ?"

ತಿರುಗಿದಳು. "ಬೆರಳು ಜೋಡಿಸ್ಕೋ. ಒತ್ಬೇಡ" ಅಂದಳು. ನನಗೆ ರೇಕಿ ಗೊತ್ತಿಲ್ಲ, ಆದರೆ ಇಳಿಸುವುದು ಗೊತ್ತು. ಕೊನೆಯ ಗೇಣು ಬಂದಾಗ ಅವಸರ ಮಾಡಬಾರದು. ಎರಡು ಅಂಗೈಯನ್ನೂ ಅವಳ ಭುಜದ ಮೇಲೆ ಮೆಲ್ಲಗೆ ಇಟ್ಟೆ. ರವಿಕೆಯ ಬಟ್ಟೆ ತೆಳು, ಕೆಳಗೆ ಬರೀ ಮೂಳೆ. ಅಕ್ಕ ಇಷ್ಟು ಸೊರಗಿದ್ದು ಯಾವಾಗ ಅಂತ ನನಗೆ ತಿಳಿದೇ ಇರಲಿಲ್ಲ. ಏನೂ ಹರಿದ ಹಾಗೆ ಅನಿಸಲಿಲ್ಲ. ಬೆಚ್ಚಗಾಯಿತು, ಅಷ್ಟೇ. ಅವಳ ಉಸಿರು ಎಣಿಸುತ್ತಾ ಕೂತೆ. ಎಷ್ಟೋ ಹೊತ್ತಾದ ಮೇಲೆ ಭುಜಗಳು ತಾವಾಗಿಯೇ ಕೆಳಗೆ ಬಂದವು, ತಲೆ ನನ್ನ ಬಲಗೈಗೆ ಒರಗಿತು.

ನರ್ಸಮ್ಮ ಬಾಗಿಲಿನಿಂದ ಕರೆದರು. ನಾನು ಎಡಗೈ ಎತ್ತಿ, ಮಲಗಿದ್ದಾಳೆ, ಏಳೋಕಾಗಲ್ಲ ಅಂತ ಸನ್ನೆ ಮಾಡಿದೆ. "ಇದೊಳ್ಳೆ ಗ್ರಹಚಾರ" ಅಂತ ಗೊಣಗಿಕೊಂಡು ಯಂತ್ರವನ್ನು ಬೆಂಚಿಗೇ ತಂದು ಆ ಕೈಗೇ ಸುತ್ತಿದರು.

ನೂರ ನಲವತ್ತಾರು. ಮತ್ತೊಮ್ಮೆ ನೋಡಿದರು. ನೂರ ನಲವತ್ತನಾಲ್ಕು.

ಡಾಕ್ಟರು ಮೂರು ತಿಂಗಳಿಗೆ ಸಹಿ ಹಾಕಿದರು. ಇವತ್ತಿನಿಂದಲೇ ಮಾತ್ರೆ, ತಿಂಗಳಿಗೊಮ್ಮೆ ಬಂದು ತೋರಿಸಬೇಕು ಅಂದರು. ಎದ್ದು ಬಂದಿದ್ದ ಅಕ್ಕ ಕೇಳಿದಳು, "ರೇಕಿ ಮುಂದುವರಿಸ್ಬಹುದಾ ಡಾಕ್ಟ್ರೇ?"

"ಅದರಿಂದ ಇವರು ಸುಮ್ನೆ ಕೂರ್ತಾರೆ ಅಂದ್ರೆ ಧಾರಾಳವಾಗಿ ಮಾಡಿ. ಆದ್ರೆ ಮಾತ್ರೆ ಮಾತ್ರ ತಪ್ಪಿಸ್ಬೇಡಿ."

"ತಪ್ಪಿಸೋಕೆ ನಾನು ಬಿಟ್ರೆ ತಾನೆ?"

ಗೇಟಿನ ತನಕ ಅವಳದೇ ವರದಿ. ಏಳು ದಿನ ಇಟ್ಟ ಕೈ ಎಂಟನೆಯ ದಿನ ಫಲ ಕೊಟ್ಟಿತಂತೆ.

"ಅಕ್ಕ, ಇವತ್ತು ಕೈ ಇಟ್ಟದ್ದು ನಾನು."

"ನಿಂಗೆ ಹೇಳ್ಕೊಟ್ಟದ್ದು ಯಾರು?"

ಮಾತಿಗೆ ಮಾತು ಬೆಳೆಸಲು ನನಗೆ ಹೊತ್ತಿರಲಿಲ್ಲ. ಎರಡು ಗಂಟೆಗೆ ಪಾಳಿ, ಅಷ್ಟರೊಳಗೆ ಏಣಿ ಹತ್ತಬೇಕು.

"ನಾಳೆ ಬೆಳಿಗ್ಗೆ ಬರ್ತೀನಿ" ಅಂದಳು.

"ಇನ್ಯಾಕೆ? ಸಹಿ ಸಿಕ್ತಲ್ಲ."

"ನಿನಗಲ್ಲ ಕಣೋ, ನನಗೆ. ನನ್ನ ಬೆನ್ನಿಗೆ ನನ್ನ ಕೈ ಎಟುಕಲ್ಲ."

"ಬಾ. ಆದ್ರೆ ಮಾತಾಡ್ಬಾರದು."

"ನಾನ್ಯಾವಾಗ ಮಾತಾಡಿದೀನಿ?" ಅಂದಳು ಅಕ್ಕ. ಅವಳ ಬಸ್ಸು ಬರುವ ತನಕ ಅದನ್ನೇ ವಿವರಿಸಿದಳು.