ತೊಳೆದ ಸೂಜಿ

"ಏಯ್, ಮಗೂನ ಎಲ್ಲಿ ಬಚ್ಚಿಟ್ಟಿದ್ದೀಯೇ? ಹಡೆಯೋಕೆ ಮಾತ್ರ ಗೊತ್ತು ನಿಮಗೆ. ಒಂದು ಚುಚ್ಚುಮದ್ದು ಹಾಕಿಸ್ರೇ ಅಂದ್ರೆ ಇಲಿ ಹಾಗೆ ಬಿಲ ಸೇರ್ಕೋತೀರಿ!"

ನರ್ಸಮ್ಮ ಗುಜರಿ ಗೋದಾಮಿನ ಬಾಗಿಲಲ್ಲಿ ಮೂಗಿಗೆ ಕರ್ಚೀಫು ಒತ್ತಿಕೊಂಡು ನಿಂತಿದ್ದಳು. ಹೆಗಲಲ್ಲಿ ಲಸಿಕೆಯ ನೀಲಿ ಡಬ್ಬಿ. ಒಳಗೆ ಕಾಲಿಡುವ ಮನಸ್ಸಿಲ್ಲ, ಬಿಟ್ಟು ಹೋಗುವ ಮನಸ್ಸೂ ಇಲ್ಲ. ಆಸ್ಪತ್ರೆ ಕಸದ ರಾಶಿಯ ಮುಂದೆ ಕೂತಿದ್ದ ಹೆಂಗಸರೆಲ್ಲ ಕೈ ನಿಲ್ಲಿಸಿ ಗಪ್ಪಮ್ಮನ ಕಡೆ ನೋಡಿದರು.

ಗಪ್ಪಮ್ಮ ಅನ್ನೋದು ಅವಳ ಹೆಸರಲ್ಲ. ಕಾದ ಸೌಟು ಬೆನ್ನಿಗಿಟ್ಟರೂ ಬಾಯಿಬಿಡದ ಹೆಂಗಸು ಅಂತ ಯಾರೋ ತಮಾಷೆಗೆ ಕರೆದದ್ದು, ಹಾಗೇ ಅಂಟಿಕೊಂಡುಬಿಟ್ಟಿತ್ತು. ಅವಳ ಬೆನ್ನ ಹಿಂದೆ, ಗ್ಲೂಕೋಸ್ ಬಾಟಲಿಯ ಮೂಟೆಗಳ ಸಂದಿಯಲ್ಲಿ, ಒಂದು ಖಾಲಿ ಚೀಲದೊಳಗೆ ಅವಳ ಮಗಳು ಕೂತಿದ್ದಳು. ಬಾಯಿಗೆ ಸಕ್ಕರೆ ಕಟ್ಟಿದ ಬಟ್ಟೆ. ಮಗು ಅದನ್ನು ಚೀಪುವ ಸದ್ದು ತಾಯಿಗೆ ಗುಡುಗಿನ ಹಾಗೆ ಕೇಳಿಸುತ್ತಿತ್ತು.

"ಅವ್ವನ ಮನೆಗೆ ಕಳಿಸಿದೀನಿ," ಅಂದಳು.

"ಹೋದ ಸಲಾನೂ ಅವ್ವನ ಮನೇನೇ! ಅದೇನು ಭಯಾನೇ ನಿಂಗೆ? ಜ್ವರ ಬರುತ್ತೆ ಅಂತಾನಾ? ದೇವರು ಮುನಿಸ್ಕೋತಾನೆ ಅಂತಾನಾ?"

ಗಪ್ಪಮ್ಮ ಸಿಕ್ಕಿದ ನೆವ ಹಿಡಿದುಕೊಂಡು, "ಹೂಂ, ದೇವರು ಮುನಿಸ್ಕೋತಾನೆ," ಅಂದಳು.

ಗೋದಾಮಿಗೆ ಗೋದಾಮೇ ನಕ್ಕಿತು. ಯಜಮಾನ ಕುರ್ಚಿಯಿಂದ ಎದ್ದು ಬಂದ. "ಕತ್ತೆಗಳು ಮೇಡಂ ಇವು. ನಾನೂ ಗಂಟಲು ಹರ್ಕೊಂಡು ಹೇಳಿದೀನಿ. ಎಲ್ಲಿಂದ ತಲೆಗೆ ಹೋಗ್ಬೇಕು? ತಲೇಲಿರೋದೂ ನಮ್ಮ ಗೋದಾಮಿನ ಮಾಲೇ." ಆಹಾ, ಎಂಥ ಧರ್ಮಾತ್ಮ! ನರ್ಸಮ್ಮನಿಗೂ ನಗು ಬಂತು. ನಗುತ್ತಲೇ ಹೊರಟುಹೋದಳು.

ಗಪ್ಪಮ್ಮನ ಕಿವಿಯ ತುದಿ ಬಿಸಿಯಾಯಿತು. ಆದರೂ ಇದು ತಡೆದುಕೊಳ್ಳಬಹುದಾದ ನಾಚಿಕೆ. ದಡ್ಡಿ ಅನ್ನಿಸಿಕೊಂಡರೆ ಅನ್ನಿಸಿಕೊಳ್ಳಲಿ, ಇನ್ನೊಂದು ಗೊತ್ತಾಗದಿದ್ದರೆ ಸಾಕು.

ಇನ್ನೊಂದು ಇದ್ದದ್ದು ಗೋದಾಮಿನ ಹಿಂದೆ, ತಗಡಿನ ಮರೆಯಲ್ಲಿ. ಉಳಿದ ಹೆಂಗಸರು ಬಿಸಿಲಲ್ಲಿ ಕೂತು ಕೊಳವೆ, ಬಾಟಲಿ, ರಕ್ತದ ಹತ್ತಿ ಬೇರೆ ಮಾಡುತ್ತಿದ್ದರೆ ಅವಳಿಗೆ ಆ ನೆರಳಿನ ಕೆಲಸ. ಚುಚ್ಚಿ ಬಿಸಾಡಿದ ಸಿರಿಂಜುಗಳನ್ನು ಬಿಸಿನೀರಿನ ಟಬ್ಬಿನಲ್ಲಿ ನೆನೆಸಿ, ಒಳಗಿನ ಕಡ್ಡಿ ಎಳೆದು, ತೊಳೆದು, ಬಟ್ಟೆಯ ಮೇಲೆ ಒಣಗಿಸಬೇಕು. ಸಂಜೆ ಯಜಮಾನನ ಭಾಮೈದ ಬಂದು ಅವನ್ನು ಹೊಳೆಯುವ ಹೊಸ ಕವರಿಗೆ ಹಾಕಿ ಬಾಯಿ ಅಂಟಿಸುತ್ತಿದ್ದ. ಅವು ಎಲ್ಲಿಗೆ ಹೋಗುತ್ತವೆ ಅಂತ ಅವನು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಮಗುವನ್ನು ಜೊತೆಗೆ ಕೂರಿಸಿಕೊಳ್ಳಲು ಬಿಟ್ಟಿದ್ದರಲ್ಲ, ಅಷ್ಟೇ ಅವಳಿಗೆ ದೊಡ್ಡದಾಗಿತ್ತು.

ಕೆಲವು ಸಣ್ಣ ಸಿರಿಂಜುಗಳು ಮಾತ್ರ ಅವಳ ಜೀವ ತಿನ್ನುತ್ತಿದ್ದವು. ಎಷ್ಟು ಎಳೆದರೂ ಕಡ್ಡಿ ಮೇಲೆ ಬಾರದು, ಜೋರು ಮಾಡಿದರೆ ಲಟ್ಟನೆ ಮುರಿಯುವುದು. "ಹಾಳಾದ ಮೊಂಡು ಮುಂಡೇವು," ಅಂತ ಬೈದು ಪುಡಿ ಮಾಡಲು ಕಳಿಸುವ ಪ್ಲಾಸ್ಟಿಕ್ಕಿನ ಚೀಲಕ್ಕೆ ಎಸೆಯುತ್ತಿದ್ದಳು. ಕೆಟ್ಟ ಮಾಲು ಅಂತ ತಿಳಿದಿದ್ದಳು.

ಮಗಳಿಗೆ ಚುಚ್ಚುಮದ್ದು ಹಾಕಿಸಲು ಮೊದಲ ಸಲ ಹೋದ ದಿನ ನರ್ಸಮ್ಮ ಡಬ್ಬಿಯಿಂದ ಒಂದು ಕವರು ತೆಗೆದಿದ್ದಳು. ಅದೇ ಹೊಳಪು, ಅದೇ ಅಂಟಿಸಿದ ಬಾಯಿ. ಗಪ್ಪಮ್ಮ ಕವರನ್ನೇ ದಿಟ್ಟಿಸಿದಳು. ಯಾರ ರಕ್ತವೋ, ಯಾವ ರೋಗವೋ, ತಾನೇ ತೊಳೆದ ಸೂಜಿ ತನ್ನ ಮಗುವಿನ ತೊಡೆಗೇ ಬರುತ್ತಿದೆ! ಮಗುವನ್ನು ಕಸಿದುಕೊಂಡು ಓಡಿದವಳು ಮನೆಗೆ ಬಂದೇ ನಿಂತಳು.

ಹೇಳಬೇಕು ಅನ್ನಿಸಿತ್ತು. ಆದರೆ ಯಜಮಾನ ಮೊದಲೇ ಕಿವಿಯಲ್ಲಿ ಊದಿದ್ದ. "ಬಾಯಿಬಿಟ್ಟರೆ ಜೈಲಿಗೆ ಹೋಗೋಳು ನೀನು. ತೊಳೆದ ಕೈ ಯಾವುದು? ನಿಂದು. ನನ್ನ ಕೈ ನೋಡು, ಎಷ್ಟು ಚೊಕ್ಕ."

ಅದಾದ ಮೇಲೆ ಒಂದು ದಿನ ಅವಳ ನಾದಿನಿ, ಅಂದರೆ ಗಂಡನ ತಂಗಿ, ಪಕ್ಕದ ಕೋಣೆಯಿಂದ ಮಗನನ್ನು ಎತ್ತಿಕೊಂಡು ಬಂದಳು. ಅವಳೂ ಅದೇ ಗೋದಾಮಿನವಳು, ಆದರೆ ಬಿಸಿಲಿನ ಕಡೆಯವಳು, ತಗಡಿನ ಹಿಂದೆ ಏನಿದೆ ಅಂತ ಕಂಡವಳಲ್ಲ.

"ಅತ್ತಿಗೆ, ದಡಾರದ ಚುಚ್ಚುಮದ್ದಂತೆ. ಹಾಕಿಸ್ಲಾ?"

"ಬೇಡ ಕಣೇ."

"ಯಾಕತ್ತಿಗೆ?"

"ಬೇಡ ಅಂದೆ. ಬೇಡ."

ನಾದಿನಿ ಮತ್ತೆ ಕೇಳಲಿಲ್ಲ. ಓಣಿಯ ತಾಯಂದಿರಿಗೂ ಹೇಳಿಕೊಂಡು ಬಂದಳು, "ನಮ್ಮತ್ತಿಗೆ ಬಾಯಿಬಿಡೋದೇ ಅಪರೂಪ. ಅವಳೇ ಬೇಡ ಅಂದ್ರೆ ಏನೋ ಇರುತ್ತೆ ಬಿಡ್ರೇ." ಹೀಗೆ ಓಣಿಗೆ ಓಣಿಯೇ ನರ್ಸಮ್ಮನನ್ನು ಕಂಡರೆ ಬಾಗಿಲು ಹಾಕಿಕೊಳ್ಳತೊಡಗಿತು.

ದಡಾರ ಬಂದದ್ದು ನಾದಿನಿಯ ಮಗನಿಗೆ. ಮೈಯೆಲ್ಲ ಕೆಂಪು ಗುಳ್ಳೆ, ಬೆಂಕಿಯಂಥ ಜ್ವರ. ಜ್ವರ ಇಳಿಯಿತು, ಮಗು ಬದುಕಿತು, ಕಣ್ಣು ಮಾತ್ರ ಹೋಯಿತು. ಎರಡು ಗುಡ್ಡೆಗಳ ಮೇಲೂ ಬಿಳಿ ಪೊರೆ. ಡಾಕ್ಟರು ಟಾರ್ಚು ಬಿಟ್ಟು ನೋಡಿ, "ಚುಚ್ಚುಮದ್ದು ಹಾಕಿಸಿದ್ರೆ ಈ ಗತಿ ಬರ್ತಿರಲಿಲ್ಲ. ಈಗ ಬಂದು ಅತ್ರೆ?" ಅಂದು ಮುಂದಿನವರನ್ನು ಕರೆದರು.

ಗಪ್ಪಮ್ಮನ ಜೊತೆ ವಾಪಸು ಬರುವ ದಾರಿಯಲ್ಲಿ ನಾದಿನಿ ಅಳಲಿಲ್ಲ. ಒಂದೇ ಒಂದು ಮಾತು ಕೇಳಿದಳು.

"ಅತ್ತಿಗೆ, ನೀನು ಯಾಕೆ ಬೇಡ ಅಂದೆ?"

ಗಪ್ಪಮ್ಮನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ನಾದಿನಿಯ ಹೆಗಲ ಮೇಲಿದ್ದ ಮಗು ಅವಳ ದನಿಗಾಗಿ ಕಾಯುವ ಹಾಗೆ ಮುಖ ಎತ್ತಿತ್ತು. ಅವಳು ಸೆರಗು ಎಳೆದುಕೊಂಡು ಮುಂದೆ ನಡೆದಳು.

ಮುಂದಿನ ಸಲ ನರ್ಸಮ್ಮ ಬಂದಾಗ ಗೋದಾಮಿನ ಅಂಗಳದಲ್ಲೇ ಮೇಜು ಹಾಕಿದರು. ಓಣಿಗೆ ಭಯ ಹತ್ತಿತ್ತು, ತಾಯಂದಿರು ತಾವಾಗಿ ಬಂದು ಸಾಲು ನಿಂತಿದ್ದರು. ಯಜಮಾನ ಇಸ್ತ್ರಿ ಅಂಗಿ ಹಾಕಿಕೊಂಡು ಮಕ್ಕಳಿಗೆ ಬಿಸ್ಕತ್ತು ಹಂಚುತ್ತಿದ್ದ, ಭಾಮೈದ ಅದರ ಫೋಟೋ ಹೊಡೆಯುತ್ತಿದ್ದ. ಗಪ್ಪಮ್ಮನೂ ಮಗಳನ್ನು ಎತ್ತಿಕೊಂಡು ಸಾಲಿನಲ್ಲಿದ್ದಳು. ಚುಚ್ಚಿಸಿದರೆ ಆ ಸೂಜಿ, ಬಿಟ್ಟರೆ ಆ ಬಿಳಿ ಕಣ್ಣು. ಕಾಲು ಮುಂದಕ್ಕೂ ಬಾರದು, ಹಿಂದಕ್ಕೂ ಹೋಗದು.

ನರ್ಸಮ್ಮನ ಕಣ್ಣಿಗೆ ನಾದಿನಿ ಬಿದ್ದಳು. "ನೋಡ್ರೇ ಎಲ್ಲರೂ, ಇವಳನ್ನ ನೋಡ್ರಿ! ಹೆತ್ತ ಮಗನ ಕಣ್ಣು ತಿಂದೋಳು. ಯಾವಳ ಮಾತು ಕೇಳಿದ್ಯೇ ನೀನು? ಹೇಳು, ಯಾವಳ ಮಾತು?"

ನಾದಿನಿ ತಲೆ ತಗ್ಗಿಸಿದಳು. ಅತ್ತಿಗೆಯ ಕಡೆ ಕಣ್ಣು ಸಹ ಹಾಯಿಸಲಿಲ್ಲ. "ನಂದೇ ತಪ್ಪು," ಅಂದಳು.

ಗಪ್ಪಮ್ಮ ಸಾಲು ಬಿಟ್ಟು ತಗಡಿನ ಹಿಂದೆ ಹೋದಳು. ಭಾಮೈದ ತಂದಿಟ್ಟಿದ್ದ ಹೊಸ ಕವರುಗಳನ್ನೂ ಟಬ್ಬಿಗೆ ಸುರಿದಳು. ಮಗಳನ್ನು ಸೊಂಟಕ್ಕೆ ಏರಿಸಿಕೊಂಡೇ ಇನ್ನೊಂದು ಕೈಯಲ್ಲಿ ಟಬ್ಬನ್ನು ನೆಲದ ಮೇಲೆ ಎಳೆದುಕೊಂಡು ಬಂದಳು. ಮೇಜಿನ ಮುಂದೆ ಅದನ್ನು ಒದ್ದು ಬೀಳಿಸಿದಳು. ನೀರಿನ ಜೊತೆ ಸಿರಿಂಜು, ಸೂಜಿ, ಖಾಲಿ ಕವರುಗಳು ಅಂಗಳದ ತುಂಬ ಹರಡಿದವು.

"ನಾನು ಕಣಮ್ಮ ಬೇಡ ಅಂದೋಳು! ನನ್ನ ಮಾತು ಕೇಳಿ ಇವಳ ಮಗೂನ ಕಣ್ಣು ಹೋಯ್ತು. ದೇವರೂ ಇಲ್ಲ, ದಿಂಡರೂ ಇಲ್ಲ. ಇವನ್ನ ತೊಳೆಯೋಳು ನಾನು. ಹೊಸ ಕವರಿಗೆ ಹಾಕಿ ಮಾರೋನು ಅಗೋ, ಬಿಸ್ಕತ್ತು ಹಂಚ್ತಿದಾನಲ್ಲ, ಆ ಸೂಳೆಮಗ!"

"ಬೋಳಿಮಗಳೇ! ತಲೆ ಕೆಟ್ಟಿದೆ ಮೇಡಂ ಇವಳಿಗೆ—"

"ಕೆಟ್ಟಿದ್ರೆ ಕೆಡ್ಲಿ. ನಿನ್ನ ಸೂಜಿ ತೋರ್ಸಮ್ಮ ನೀನು. ಇವನ ಹತ್ರ ತಂದಿದ್ದಾ?"

ನರ್ಸಮ್ಮನ ಮುಖ ಬಿಳಿಚಿತ್ತು. ಕೆಳಗೆ ಬಿದ್ದ ಕವರುಗಳನ್ನೇ ನೋಡುತ್ತ ಡಬ್ಬಿಯಿಂದ ಒಂದು ಹೊಸದನ್ನು ತೆಗೆದು ಎಲ್ಲರೆದುರು ಒಡೆದಳು. "ಇದು ಸರ್ಕಾರದ್ದು ಕಣಮ್ಮ. ಮಕ್ಕಳಿಗೆ ಅಂತಲೇ ಮಾಡಿರೋದು. ಒಂದು ಸಲ ಒತ್ತಿದ್ರೆ ಆಯ್ತು, ಮತ್ತೆ ಯಾರೂ ಬಳಸೋಕಾಗಲ್ಲ." ಬರೀ ಗಾಳಿ ಎಳೆದು, ಒತ್ತಿ, ಸೂಜಿಗೆ ಮುಚ್ಚಳ ಹಾಕಿ ಅವಳ ಕೈಗೆ ಕೊಟ್ಟಳು. "ಎಳಿ ನೋಡೋಣ."

ಗಪ್ಪಮ್ಮ ಎಳೆದಳು. ಕಡ್ಡಿ ಜಗ್ಗಲಿಲ್ಲ. ಜೋರು ಮಾಡಿದಳು. ಲಟ್ಟನೆ ಮುರಿಯಿತು.

ಆ ಸದ್ದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ದಿನವೂ ಬೈದು ಬೈದು ಪುಡಿಯ ಚೀಲಕ್ಕೆ ಎಸೆದದ್ದು ಇವನ್ನೇ. ಮಕ್ಕಳ ಸೂಜಿ ಒಂದೂ ಅವಳ ಬಟ್ಟೆಯ ಮೇಲೆ ಒಣಗಿರಲಿಲ್ಲ, ಒಂದೂ ಆ ಕವರು ಸೇರಿರಲಿಲ್ಲ. ಅಷ್ಟು ದಿನ ಅದರ ಸಾಕ್ಷಿ ಅವಳ ಕೈಯಲ್ಲೇ ಇತ್ತು.

"ಅಯ್ಯೋ," ಅಂದಳು.

ಮಗಳ ತೊಡೆ ಬರಿದು ಮಾಡಿ ತಾನೇ ಮೇಜಿನ ಕಡೆ ಚಾಚಿದಳು. ನರ್ಸಮ್ಮ ಇನ್ನೊಂದು ಕವರು ಒಡೆದು ಚುಚ್ಚಿದಳು. ಅಲ್ಲಿಯವರೆಗೆ ಗಪ್‌ಚುಪ್ ಇದ್ದ ಮಗು ಓಣಿ ಹಾರಿಹೋಗುವ ಹಾಗೆ ಕಿರುಚಿತು.

"ಎತ್ರೇ ಈ ಕಸಾನ! ಎಲ್ಲ ಎತ್ತಿ ಒಳಗೆ ಹಾಕ್ರಿ!" ಯಜಮಾನ ಹೆಂಗಸರ ಮೇಲೆ ಕೂಗಾಡಿದ. ಯಾರೂ ಬಗ್ಗಲಿಲ್ಲ. ಭಾಮೈದ ಪೊರಕೆ ಹಿಡಿದು ಬಂದ. ಗಪ್ಪಮ್ಮ ಅಳುವ ಮಗುವನ್ನು ತಬ್ಬಿಕೊಂಡು ಆ ರಾಶಿಗೆ ಅಡ್ಡ ಕೂತುಬಿಟ್ಟಳು.

"ಪೊಲೀಸ್ರು ಬರಲಿ. ನನ್ನನ್ನೂ ಕರ್ಕೊಂಡು ಹೋಗ್ಲಿ. ಅಲ್ಲೀವರೆಗೆ ಮುಟ್ಟಿದ್ರೆ ನೋಡು."

ನಾದಿನಿ ಮಗನನ್ನು ಎತ್ತಿಕೊಂಡು ಹತ್ತಿರ ಬಂದಳು. ಅತ್ತಿಗೆಯನ್ನು ನೋಡಿದಳು. ಥೂ ಅಂತ ಅವಳ ಕಾಲ ಬಳಿ ಉಗಿದಳು. ಗಪ್ಪಮ್ಮ ಕಾಲು ಸರಿಸಲಿಲ್ಲ. ಆಮೇಲೆ ನಾದಿನಿ ರಾಶಿಯ ಇನ್ನೊಂದು ಕಡೆ ಹೋಗಿ, ಅತ್ತಿಗೆಗೆ ಬೆನ್ನು ಹಾಕಿ, ಪೊರಕೆಗೆ ಅಡ್ಡವಾಗಿ ಕೂತಳು.

ಅವಳ ತೊಡೆಯ ಮೇಲಿದ್ದ ಮಗು, ಅಳುತ್ತಿರುವುದು ಯಾರು ಅಂತ, ಯಾರೂ ಇಲ್ಲದ ಕಡೆ ಕತ್ತು ತಿರುಗಿಸಿ ನೋಡುತ್ತಿತ್ತು.