ಬೋರಕ್ಕನ ಮನೆಯ ಮುಯ್ಯಾಳು

ಪರಶುರಾಂಪುರದ ಆಚೆ ಶೇಂಗಾ ಹೊಲಗಳ ನಡುವಿನ ಆ ಊರಿನಲ್ಲಿ ಉಣ್ಣೆ ಬಿಡುವ ಕರಿ ಕುರಿಗಳು ಉಳಿದಿದ್ದು ಬೋರಕ್ಕನ ಹಟ್ಟಿಯಲ್ಲಿ ಮಾತ್ರ. ಮಿಕ್ಕವರೆಲ್ಲ ಜಾಣರು. ಉಣ್ಣೆಯನ್ನು ಕೇಳುವವರಿಲ್ಲ, ಮಾಂಸಕ್ಕೆ ಬೇಡಿಕೆ ಇದೆ ಎಂದು ತಿಳಿದ ಕೂಡಲೇ ಕರಿ ಕುರಿ ಮಾರಿ, ಮೈಮೇಲೆ ಉಣ್ಣೆಯೇ ಬೆಳೆಯದ ಕೆಂಚು ಕುರಿ ಕಟ್ಟಿಕೊಂಡು ಹಾಯಾಗಿದ್ದರು. ಬೋರಕ್ಕನಿಗೆ ಆ ಕುರಿಗಳನ್ನು ಕಂಡರೆ ಆಗುತ್ತಿರಲಿಲ್ಲ. "ಬಟ್ಟೆ ಇಲ್ಲದ ಕುರಿ" ಎಂದು ಮುಖ ತಿರುಗಿಸುತ್ತಿದ್ದಳು.

ಮುಖ ತಿರುಗಿಸಿದರೆ ಉಣ್ಣೆ ಕತ್ತರಿಸಿದಂತಾಗುವುದಿಲ್ಲವಲ್ಲ. ಹಿಂಡಿನ ಉಣ್ಣೆ ಕತ್ತರಿಸುವುದು ಒಬ್ಬಿಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಅದಕ್ಕೆಂದೇ ಮುಯ್ಯಾಳು ಇತ್ತು. ಇವತ್ತು ನಿಮ್ಮ ಹಟ್ಟಿಗೆ ಊರವರೆಲ್ಲ ಕತ್ತರಿ ಹಿಡಿದು ಬಂದು ಕೂತರೆ, ನಾಳೆ ಅವರ ಹಟ್ಟಿಗೆ ನೀವು ಹೋಗಿ ಕೂರಬೇಕು. ಕೂಲಿ ಇಲ್ಲ, ಹೊಟ್ಟೆ ತುಂಬ ಊಟ ಅಷ್ಟೆ. ಹೋಗಲಾಗದವರು ಮನೆಯಿಂದ ಇನ್ನೊಬ್ಬರನ್ನು ಕಳಿಸಬೇಕು. ಮುಯ್ಯಿ ಬಾಕಿ ಇಟ್ಟುಕೊಂಡು ಕುರಿ ಮಾರಿದ ಮನೆ ಆ ಸೀಮೆಯಲ್ಲೇ ಇರಲಿಲ್ಲ. ಊರಿನ ಹಿರಿಯ ಜಂಪಣ್ಣ ಕೂಡ ಎಲ್ಲರ ಹಟ್ಟಿಗೂ ಹೋಗಿ ಕೂತು, ಮುಯ್ಯಿ ತೀರಿಸಿಯೇ ತನ್ನ ಹಿಂಡನ್ನು ಮಾರಿದ್ದ. ಹಾಗಾಗಿ ಈಗ ಯಾರೂ ಯಾರಿಗೂ ಬಾಕಿ ಇಲ್ಲ. ಬಾಕಿ ಇಲ್ಲದವರು ಬೋರಕ್ಕನ ಹಟ್ಟಿಗೆ ಯಾಕೆ ಬರುತ್ತಾರೆ?

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿತ್ತು. ಕುರಿಗಳು ಉಣ್ಣೆಯ ಭಾರ ಹೊತ್ತು ಬೇಲಿಯ ನೆರಳಿನಲ್ಲಿ ಏದುಸಿರು ಬಿಡುತ್ತಿದ್ದವು. ಮಗ ಮಾರುತಿ ಚಳ್ಳಕೆರೆಯ ವ್ಯಾಪಾರಿಯೊಬ್ಬನ ಹತ್ತಿರ ಮಾತಾಡಿ ಬಂದ.

"ಇದ್ದಂಗೇ ಹೊಡ್ಕಂಡು ಹೋಗ್ತಾನಂತೆ ಅವ್ವ. ಉಣ್ಣೆ ಕತ್ತರಿಸೋದೇನೂ ಬೇಡ. ಈ ವಾರ ಬತ್ತಾನೆ."

"ಅವನು ಇವನ್ನ ಸಾಕ್ತಾನೇನೋ?"

ಮಾರುತಿಯೇನೂ ಕಲ್ಲು ಹೃದಯದವನಲ್ಲ. ಆದರೆ ಇಬ್ಬರೇ ಕೂತು ಅಷ್ಟು ಕುರಿಯ ಉಣ್ಣೆ ತೆಗೆಯುವುದು ಹೇಗೆಂದು ಅವನಿಗೂ ತಿಳಿದಿರಲಿಲ್ಲ, ಅವಳಿಗೂ ತಿಳಿದಿರಲಿಲ್ಲ.

ಇಂಥ ಹೊತ್ತಿನಲ್ಲಿ ಸಿನಿಮಾದವರು ಬಂದರು. ಬಂದವರಲ್ಲಿ ಮುಂದಾಳು ಶಶಿರೇಖಾ. ಹುಟ್ಟಿದ್ದು ಚಳ್ಳಕೆರೆಯಲ್ಲೇ, ಈಗ ಸಾಕ್ಷ್ಯಚಿತ್ರ ಮಾಡುವವಳು. ಜೊತೆಗೆ ಮಂಗೋಲಿಯಾದ ಕ್ಯಾಮೆರಾ ಹೆಂಗಸು ಓಯುನಾ, ಉದ್ದನೆ ಕೋಲಿಗೆ ಮೈಕು ಕಟ್ಟಿಕೊಂಡಿದ್ದ ಕೊರಿಯಾದ ಹುಡುಗ. ಮೊಳಕಾಲ್ಮುರಿನಲ್ಲಿ ರೇಷ್ಮೆ ಮಗ್ಗಗಳನ್ನು ನೋಡಲು ಹೋದವರು, ಅಲ್ಲಿ ಯಾರೋ ಬೋರಕ್ಕನ ಹೆಸರು ಹೇಳಿದ್ದರಿಂದ ಇತ್ತ ತಿರುಗಿದ್ದರು. ಅವರು ಮಾಡುತ್ತಿದ್ದುದು ಏಷ್ಯಾದ ಉಣ್ಣೆಯ ಬಗ್ಗೆ ಒಂದು ಚಿತ್ರ.

"ಮೂರು ದೇಶ ಸೇರಿ ಮಾಡ್ತಿರೋದು ಅಕ್ಕ. ನಮ್ಮಲ್ಲಿ ತೆಗೆಯೋವಾಗ ಅವರು ಬಂದು ದುಡೀತಾರೆ, ಅವರ ದೇಶದಲ್ಲಿ ತೆಗೆಯೋವಾಗ ನಾವು ಹೋಗ್ತೀವಿ," ಎಂದು ಶಶಿರೇಖಾ ವಿವರಿಸಿದಳು.

ಬೋರಕ್ಕ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದಳು. "ಅಂದ್ರೆ ಮುಯ್ಯಾಳು ಅನ್ನು. ಅದನ್ನ ಹೇಳಾಕೆ ಇಷ್ಟು ಸುತ್ತಬೇಕಾ?"

ಶಶಿರೇಖಾ ನಕ್ಕು ಅದನ್ನು ಇಂಗ್ಲಿಷಿನಲ್ಲಿ ಓಯುನಾಳಿಗೆ ಹೇಳಿದಳು. ಓಯುನಾ ನಗಲಿಲ್ಲ. ಮುಯ್ಯಾಳು ಎಂದರೇನೆಂದು ಬಿಡಿಸಿ ಬಿಡಿಸಿ ಕೇಳಿಕೊಂಡಳು. ತನ್ನ ತಾಯಿಗೂ ಹಿಂಡಿದೆ, ಅಲ್ಲೂ ಉಣ್ಣೆ ತೆಗೆಯುವಾಗ ಆಸುಪಾಸಿನ ಡೇರೆಯವರು ಬರುತ್ತಿದ್ದರು, ಈಗೀಗ ಬರುವವರು ಕಡಿಮೆ ಎಂದಳಂತೆ. ಬೋರಕ್ಕ ಅವಳನ್ನು ಮೊದಲ ಸಲ ಸರಿಯಾಗಿ ನೋಡಿದಳು. ಕೆನ್ನೆ ಬಿಸಿಲಿಗೆ ಕಂದಿತ್ತು, ಕೈ ಮಾತ್ರ ಗಟ್ಟಿ ಕೈ.

ಆದರೆ ಶಶಿರೇಖಾಗೆ ಬೇಕಿದ್ದುದು ತುಂಬಿದ ಹಟ್ಟಿ. ಸಾಲಾಗಿ ಕೂತ ಜನ, ರಾಶಿ ಬಿದ್ದ ಕರಿ ಉಣ್ಣೆ. ಜನ ಬರುವುದಿಲ್ಲ ಎಂದು ತಿಳಿದಾಗ ಅವಳು ಒಂದು ಉಪಾಯ ಹೇಳಿದಳು. "ಚಳ್ಳಕೆರೆಯಿಂದ ಕೂಲಿಯವರನ್ನ ಕರೆಸ್ತೀನಿ ಅಕ್ಕ. ಮುಯ್ಯಾಳಿನ ಥರಾನೇ ಕೂರ್ಲಿ. ನಿಮ್ಮ ಕೆಲಸಾನೂ ಆಗುತ್ತೆ."

ಮಾರುತಿಯ ಮುಖ ಅರಳಿತು. ಬೋರಕ್ಕನ ಮುಖ ಕೆಂಪಾಯಿತು.

"ಕೂಲಿಯೋರನ್ನ ಕೂರಿಸಿ ಮುಯ್ಯಾಳು ಅಂತ ದೇಶಕ್ಕೆಲ್ಲ ತೋರಿಸ್ತೀಯಾ? ಸತ್ತೋರ ಮನೇಗೆ ಅಳಾಕೆ ಆಳು ಕರೆಸಿದಂಗಾತು. ಯಾರೂ ಬರ್ಲಿಲ್ಲ ಅಂತ್ಲೇ ತೆಗಿ. ಅದು ನಿಜ."

"ಅವ್ವ, ಬಿಟ್ಟಿ ಕೆಲಸ ಆಗ್ತಿತ್ತಲ್ಲ!" ಮಾರುತಿ ತಲೆ ಚಚ್ಚಿಕೊಂಡ.

"ನಿನ್ನ ವ್ಯಾಪಾರಿ ಬರೋವರ್ಗೂ ಎಷ್ಟಾಗ್ತೈತೋ ಅಷ್ಟು. ಕತ್ತರಿ ತಗಾ."

ಉಣ್ಣೆ ಕತ್ತರಿಸುವುದು ಗಂಡಸರ ಕೆಲಸ ಎಂಬ ಮಾತನ್ನು ಬೋರಕ್ಕ ಗಂಡ ತೀರಿಕೊಂಡ ವರ್ಷವೇ ಕಟ್ಟಿ ಅಟ್ಟಕ್ಕೆ ಹಾಕಿದ್ದಳು. ಹಿಂದಿನ ದಿನ ಕಟ್ಟೆಯ ನೀರಿನಲ್ಲಿ ಮೈ ತೊಳೆಸಿದ್ದ ಕುರಿಗಳು ಒಣಗಿ ನಿಂತಿದ್ದವು. ತಾಯಿ ಮಗ ಎದುರುಬದುರು ಕೂತರು. ಅಷ್ಟಗಲ ಹಟ್ಟಿಯಲ್ಲಿ ಎರಡೇ ಕತ್ತರಿಗಳ ಸದ್ದು. ಓಯುನಾ ಕ್ಯಾಮೆರಾದ ಹಿಂದೆ ನಿಂತು ತೆಗೆಯುತ್ತಲೇ ಇದ್ದಳು. ಬೇಲಿಯ ಆಚೆ ಜಂಪಣ್ಣ ಮತ್ತಿನ್ನೊಂದಷ್ಟು ಜನ ಸಿನಿಮಾ ನೋಡಲು ಬಂದವರಂತೆ ನಿಂತಿದ್ದರು. ಬೋರಕ್ಕ ತಲೆ ಎತ್ತಲಿಲ್ಲ. ಬೆನ್ನು ಹಿಡಿದುಕೊಂಡಿತ್ತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಗಿತ್ತು. ಒಂದು ಕಾಲಕ್ಕೆ ದೇವಸಮುದ್ರದ ಕಡೆಯ ನೆಂಟರೂ ಬಂದು ಕೂರಲು ಜಾಗವಿಲ್ಲದೆ ಹೋಗುತ್ತಿದ್ದ ಹಟ್ಟಿ ಅದು.

ಕ್ಯಾಮೆರಾ ಕೆಳಗಿಟ್ಟ ಸದ್ದಾಯಿತು. ಓಯುನಾ ಒಳಗೆ ಬಂದು, ಬೋರಕ್ಕನ ಮುಂದೆ ಕೈಚಾಚಿ ಕತ್ತರಿ ಕೇಳಿದಳು. ಬೋರಕ್ಕ ಏನು ಎತ್ತ ಎಂದು ತಿಳಿಯದೆ ಪಕ್ಕದಲ್ಲಿದ್ದ ಇನ್ನೊಂದು ಕತ್ತರಿ ಕೊಟ್ಟಳು. ಓಯುನಾ ಅದರ ಅಲಗನ್ನು ಹೆಬ್ಬೆರಳಲ್ಲಿ ಸವರಿ ನೋಡಿ, ಹಿಂಡಿನೊಳಗೆ ಹೋಗಿ, ಒಂದು ದೊಡ್ಡ ಟಗರಿನ ಹಿಂಗಾಲು ಹಿಡಿದು ಮಗುವನ್ನು ಮಲಗಿಸಿದಂತೆ ಮಲಗಿಸಿದಳು. ಟಗರು ಒದರಲಿಲ್ಲ. ತನ್ನ ಸೊಂಟದ ಹಗ್ಗ ಬಿಚ್ಚಿ ಮೂರು ಕಾಲು ಬಿಗಿದಳು. ಹೊಟ್ಟೆಯ ಕಡೆಯಿಂದ ಕತ್ತರಿ ಹಾಕಿದಳು. ಆ ಟಗರಿಗೆ ಅವಳು ಏನೋ ಹೇಳುತ್ತಿದ್ದಳು, ತನ್ನ ಭಾಷೆಯಲ್ಲಿ, ಮೆಲ್ಲಗೆ. ಉಣ್ಣೆ ಒಂದೇ ಹಚ್ಚಡವಾಗಿ ಬಿಚ್ಚಿಕೊಂಡು ಬಂತು.

ಬೋರಕ್ಕನ ಮೈ ಜುಮ್ಮೆಂದಿತು. ಎಲ್ಲಿಯ ಹೆಂಗಸು! ಯಾವ ನೀರು ಕುಡಿದು ಬೆಳೆದವಳೋ, ಯಾವ ದೇವರಿಗೆ ನಡೆದುಕೊಂಡವಳೋ. ಅವಳ ಹೆಸರನ್ನು ಈ ಊರಿನ ನಾಲಿಗೆ ಇನ್ನೂ ಸರಿಯಾಗಿ ಹೊರಳಿಸಿಲ್ಲ. ಆದರೂ ಟಗರಿನ ಕೊರಳಿನ ಮಡಿಕೆಗೆ ಬಂದಾಗ ಅವಳು ಎಡಗೈ ಬೆರಳಿಂದ ಚರ್ಮ ಎಳೆದು ಹಿಡಿದ ರೀತಿ, ಬೋರಕ್ಕ ಹಿಡಿಯುವ ರೀತಿಯೇ. ಇದನ್ನು ಇಬ್ಬರಿಗೂ ಯಾರು ಕಲಿಸಿದರು? ಬೋರಕ್ಕನ ಕಣ್ಣು ತುಂಬಿದವು.

ಕೊರಿಯಾದ ಹುಡುಗ ಕೋಲು ಕೆಳಗಿಟ್ಟು ಓಡಿಬಂದು ಮುಂದಿನ ಕುರಿಯ ಕಾಲು ಹಿಡಿದ. ಹಿಡಿದದ್ದು ತಪ್ಪು ಕಾಲು, ಕುರಿ ಅವನನ್ನು ಕೆಡವಿ ಹೋಯಿತು. ಬೇಲಿಯ ಆಚೆ ನಗೆ ಎದ್ದಿತು.

"ಅಯ್ಯೋ, ಇದನ್ನ ತೆಗೆಯೋರು ಯಾರು?" ಎಂದು ಶಶಿರೇಖಾ ಕೂಗಿದಳು. ಅವಳು ಕೆಳಗಿದ್ದ ಕ್ಯಾಮೆರಾವನ್ನೊಮ್ಮೆ, ಹಟ್ಟಿಯನ್ನೊಮ್ಮೆ ನೋಡಿ, ಸಲ್ವಾರಿನ ತುದಿ ಮೇಲೆ ಕಟ್ಟಿಕೊಂಡು ತಾನೂ ಒಳಗೆ ಬಂದಳು.

ಜಂಪಣ್ಣನ ನಗೆ ನಿಂತಿತ್ತು. "ಲೇ, ಎಲ್ಲಿಂದಲೋ ಬಂದೋಳು ಕೂತವ್ಳೆ, ನಾವಿಲ್ಲಿ ಹಲ್ಲು ಕಿಸ್ಕಂಡು ನಿಂತೀವಲ್ಲೋ," ಎಂದು ಪಕ್ಕದವನಿಗೆ ಗದರಿ ಮನೆಯ ಕಡೆ ಹೋದ. ಬಂದಾಗ ಕೈಯಲ್ಲಿ ತುಕ್ಕು ಹಿಡಿದ ಕತ್ತರಿ ಇತ್ತು. ಅವನ ಹಿಂದೆ ಇನ್ನೂ ನಾಲ್ಕು ಜನ. ಮಧ್ಯಾಹ್ನದ ಹೊತ್ತಿಗೆ ಹಟ್ಟಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಂಜೆಗೆ ಇಡೀ ಹಿಂಡು ಹಗುರಾಗಿ, ತಮ್ಮ ಗುರುತು ತಮಗೇ ಸಿಗದಂತೆ ಒಂದನ್ನೊಂದು ಮೂಸುತ್ತ ನಿಂತಿತ್ತು. ಆ ಕೆಲಸದ ಒಂದು ಚೂರೂ ಚಿತ್ರದಲ್ಲಿ ದಾಖಲಾಗಲಿಲ್ಲ.

ಮುದ್ದೆ, ಸಾರು ಬಡಿಸುತ್ತ ಬೋರಕ್ಕ ಓಯುನಾಳನ್ನು ಕೇಳಿದಳು: "ನಿಮ್ಮವ್ವನ ಹಟ್ಟಿಯಾಗೆ ಉಣ್ಣೆ ಯಾವಾಗ ತೆಗೀತಾರೆ?"

"ಜೂನ್‌ನಲ್ಲಂತೆ," ಎಂದಳು ಶಶಿರೇಖಾ.

"ಬತ್ತೀನಿ ಅಂತ ಹೇಳು."

ಎಲ್ಲರೂ ನಕ್ಕರು. ಬೋರಕ್ಕ ನಗಲಿಲ್ಲ. ಕೈತೊಳೆದು ಬಂದ ಮಾರುತಿಗೆ ನೇರವಾಗಿ ಹೇಳಿದಳು: "ವ್ಯಾಪಾರಿಗೆ ಬರಬೇಡ ಅನ್ನು. ಮುಯ್ಯಿ ಬಾಕಿ ಐತೆ. ತೀರೋವರ್ಗೂ ಒಂದು ಕುರಿ ಹಟ್ಟಿ ದಾಟಂಗಿಲ್ಲ."

ಊರವರೆದುರು ಆಡಿದ ಮಾತು. ಮಾರುತಿ ಜಂಪಣ್ಣನ ಮುಖ ನೋಡಿದ. ಜಂಪಣ್ಣ ತಟ್ಟೆ ನೋಡುತ್ತಿದ್ದ. ಕೊನೆಗೆ ಮಾರುತಿಯೇ ಒಂದು ಗಡುವು ಹಾಕಿದ. ಇವರ ಚಿತ್ರ ಮುಗಿದು ಊರಿನಲ್ಲಿ ತೋರಿಸುವವರೆಗೆ ಕಾಯುವುದು, ಆಮೇಲೆ ಮಾರುವುದು. "ಸಿನಿಮಾ ಮುಗಿದ್ರೆ ಅವರ ನಮ್ಮ ಲೆಕ್ಕಾನೂ ಮುಗೀತು ಅವ್ವ. ಮಂಗೋಲಿಯಾಕ್ಕೆ ಹೋಗಿ ಬರಾಕೆ ಅದೇನು ಚಳ್ಳಕೆರೆಯಾ?"

ಆ ಜೂನ್ ಬಂತು, ಹೋಯಿತು. ಬೋರಕ್ಕನನ್ನು ಯಾರೂ ಕರೆದೊಯ್ಯಲಿಲ್ಲ, ಅದಕ್ಕೆ ಚಿತ್ರದವರ ಬಳಿ ದಾರಿಯೂ ಇರಲಿಲ್ಲ. ಮುಂದಿನ ಬೇಸಿಗೆಗೆ ಶಶಿರೇಖಾ ಮುಗಿದ ಚಿತ್ರ ಹಿಡಿದು ಬಂದಳು. ಇನ್ನೆರಡು ತಿಂಗಳಿಗೆ ಮಂಗೋಲಿಯಾದಲ್ಲೂ ತೋರಿಸುತ್ತಾರಂತೆ, ಈ ಸಲ ಈ ಮನೆಯಿಂದ ಒಬ್ಬರನ್ನು ಕರೆದೊಯ್ಯಲು ಮೂರು ದೇಶದವರೂ ಒಪ್ಪಿದ್ದಾರಂತೆ. ಬೋರಕ್ಕನಿಗೆ ಅಷ್ಟು ಹೊತ್ತಿಗೆ ಮಂಡಿ ಹಿಡಿದಿತ್ತು, ಎದ್ದು ನಿಲ್ಲುವುದಕ್ಕೇ ಗೋಡೆ ಬೇಕಿತ್ತು. ಮಾರುತಿ ಕಡ್ಡಿ ಮುರಿದಂತೆ ಹೇಳಿದ, ಬಿತ್ತನೆಯ ಹೊತ್ತಿನಲ್ಲಿ ತಾನಂತೂ ಬರುವುದಿಲ್ಲ.

ಕತ್ತಲಾಗುತ್ತಿದ್ದಂತೆ ಶಾಲೆಯ ಗೋಡೆಯ ಮೇಲೆ ಚಿತ್ರ ಹಾಕಿದರು. ಮೊದಲು ಅವರದೇ ಹಟ್ಟಿ, ಇಬ್ಬರೇ ಕೂತು ಕತ್ತರಿಸುತ್ತಿದ್ದ ತಾಯಿ ಮಗ. ಊರವರು ಶಿಳ್ಳೆ ಹೊಡೆದರು. ಆಮೇಲೆ ಗೋಡೆಯ ತುಂಬ ಹುಲ್ಲು ಬಂತು.

ಶಿಳ್ಳೆ ತಾನಾಗಿ ನಿಂತಿತು. ಬೇಲಿ ಇಲ್ಲ, ಮರ ಇಲ್ಲ, ಕಂಬ ಇಲ್ಲ. ಹುಲ್ಲು ಹೋಗಿ ಹೋಗಿ ಆಕಾಶಕ್ಕೆ ತಗುಲಿತ್ತು. ಅದರ ಮೇಲೆ ಮೋಡದ ನೆರಳು ಒಂದೂರಿನಷ್ಟು ಅಗಲವಾಗಿ ಸರಿಯುತ್ತಿತ್ತು, ಆ ನೆರಳಿನೊಳಗೆ ಕುರಿಗಳು. "ಇಷ್ಟು ಜಾಗ ಐತಾ ಭೂಮಿ ಮ್ಯಾಲೆ!" ಎಂದು ಜಂಪಣ್ಣ ಉಸಿರುಗಟ್ಟಿ ಹೇಳಿದ. ಬೋರಕ್ಕ ತನಗೆ ಗೊತ್ತಿಲ್ಲದೆಯೇ ಕೈ ಮುಗಿದಿದ್ದಳು.

ಬಿಳಿ ಡೇರೆಯ ಮುಂದೆ ಒಬ್ಬ ಮುದುಕಿ, ಓಯುನಾಳ ತಾಯಿ. ಅವಳ ಸುತ್ತ ಉಣ್ಣೆ ಕತ್ತರಿಸಿದ ಕುರಿಗಳು. ಕೊನೆಗೆ ಒಂದು ಉಳಿಯಿತು. ಯಾರೋ ಅದರ ಕಾಲು ಹಿಡಿಯಲು ಬಂದಾಗ ಮುದುಕಿ ಅವನ ಕೈ ತಳ್ಳಿ, ಕುರಿಯ ಕೊರಳಿಗೆ ಒಂದು ನೀಲಿ ಬಟ್ಟೆ ಕಟ್ಟಿ ಹಿಂಡಿಗೆ ಬಿಟ್ಟಳು. ಏನೋ ಹೇಳಿದಳು. ಕೆಳಗೆ ಮೂಡಿದ ಕನ್ನಡವನ್ನು ಶಶಿರೇಖಾ ಗಟ್ಟಿಯಾಗಿ ಓದಿದಳು: "ಇದನ್ನು ಬಿಡಿ. ಇದು ಬೋರಕ್ಕನ ಪಾಲಿನದು. ಬರುತ್ತೇನೆ ಎಂದಿದ್ದಾಳೆ."

ಆ ಮುದುಕಿ ಇವಳನ್ನು ಕಂಡವಳಲ್ಲ. ಊರವರೇ ನಕ್ಕು ಮರೆತ ಮಾತನ್ನು ಭೂಮಿಯ ಆ ತುದಿಯಲ್ಲಿ ಕೂತ ಒಂದು ಜೀವ ನಂಬಿತ್ತು. ಬೋರಕ್ಕನಿಗೆ ಗೋಡೆ ಕಾಣದಾಯಿತು. ಅವಳು ಮಗನ ಕಡೆ ತಿರುಗಲಿಲ್ಲ.

ಚಿತ್ರ ಮುಗಿದು ದೀಪ ಹತ್ತಿದ ಮೇಲೂ ಮಾರುತಿ ಬರಿಯ ಗೋಡೆಯನ್ನೇ ನೋಡುತ್ತ ಕೂತಿದ್ದ. ಆಮೇಲೆ ಎದ್ದು ಶಶಿರೇಖಾಳ ಹತ್ತಿರ ಹೋದ.

"ಮೇಡಂ, ಆ ಕುರಿ ಈಗ್ಲೂ ಹಂಗೇ ಐತಾ?"

"ಹಂಗೇ ಐತಂತೆ. ಅಜ್ಜಿ ಯಾರಿಗೂ ಮುಟ್ಟಾಕೆ ಬಿಟ್ಟಿಲ್ಲ."

ಮಾರುತಿ ತಲೆ ತಗ್ಗಿಸಿ, ಕಾಲ ಹೆಬ್ಬೆರಳಿಂದ ನೆಲ ಕೆರೆದ.

"ವಿಮಾನದಾಗೆ ಕತ್ತರಿ ಬಿಡ್ತಾರಾ?" ಎಂದು ಕೇಳಿದ.